ಬೆಂಗಳೂರಿಗೂ ಒಂದು ಕಾಲ ಇದೆ, ಪುಟ್ಟಿ

ಸಾಗರ,
ಪುಷ್ಯ ಮಳೆ ಹಿಡಿದ ಮೂರನೇ ದಿನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಯಾವ ತಿಂಗಳು ಏನು ತಿನ್ನಬೇಕು ಅಂತ ಒಂದು ಪಟ್ಟಿ ಕಳಿಸಮ್ಮಾ, ಇಲ್ಲಿ ಯಾವ ಕಾಲ ಅನ್ನೋದೇ ಗೊತ್ತಾಗಲ್ಲ" ಅಂತ. ಅವತ್ತು ರಾತ್ರಿಯೇ ಬರೆಯಲು ಕೂತೆ. ಮಾರ್ಚ್‌ನಲ್ಲಿ ಅಪ್ಪೆಮಿಡಿ, ಮೇನಲ್ಲಿ ಹಲಸಿನ ಹಪ್ಪಳ, ಜುಲೈನಲ್ಲಿ ಕಳಲೆ, ಪತ್ರೊಡೆ. ಅರ್ಧ ಹಾಳೆ ತುಂಬಿದ ಮೇಲೆ ಪೆನ್ನು ಕೆಳಗಿಟ್ಟೆ. ಇದು ಸಾಗರದ ಪಟ್ಟಿ. ನೀನಿರುವುದು ಬೆಂಗಳೂರಿನಲ್ಲಿ.

ಈ ಮನೆಗೆ ಬಂದ ಹೊಸದರಲ್ಲಿ ನನಗೂ ಹೀಗೇ ಆಗಿತ್ತು. ನಾನು ಕೋಲಾರದ ಕಡೆಯವಳು. ಮಳೆ ಅಂದರೆ ಸಂಜೆ ಗುಡುಗಿ, ಒಂದು ಗಂಟೆ ಸುರಿದು, ರಾತ್ರಿಗೆ ಚುಕ್ಕಿ ಕಾಣುವುದು ಅಂತ ತಿಳಿದಿದ್ದವಳು. ಇಲ್ಲಿ ಆರಿದ್ರಾ ಹಿಡಿದರೆ ಎಷ್ಟೋ ದಿನ ಸೂರ್ಯನ ಮುಖವೇ ಇಲ್ಲ. ತವರಿನಿಂದ ತಂದ ಒಣಮೆಣಸಿನಕಾಯಿಯನ್ನು ಅಲ್ಲಿಯ ಹಾಗೆಯೇ ಬಟ್ಟೆ ಚೀಲದಲ್ಲಿ ಗೂಟಕ್ಕೆ ನೇತುಹಾಕಿದ್ದೆ. ಎರಡು ವಾರಕ್ಕೆ ಚೀಲವೆಲ್ಲ ಬೂಷ್ಟು. ಅಳು ಬಂತು. ನಿನ್ನ ಅಜ್ಜಿ ಬೈಯಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಒಲೆಯ ಮೇಲಿನ ಅಟ್ಟ ತೋರಿಸಿದರು. ಮೆಣಸಿನಕಾಯಿ, ಹಪ್ಪಳದ ಡಬ್ಬಿ ಎಲ್ಲ ಅಲ್ಲಿ ಹೊಗೆಯಲ್ಲಿ ಬೆಚ್ಚಗಿದ್ದವು. ಪಕ್ಕದ ಜಂತೆಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಮೊಗೆಕಾಯಿ. "ಇಲ್ಲಿ ಮಳೆಗಾಲದ ಅಡುಗೆ ಬೇಸಿಗೆಯಲ್ಲೇ ಆಗಿಬಿಡ್ತದೆ ಕೂಸೇ" ಅಂದರು.

ಆಮೇಲೆ ಒಂದೊಂದೇ ಅರ್ಥವಾಯಿತು. ಏಪ್ರಿಲ್, ಮೇನಲ್ಲಿ ಈ ಮನೆಯವರು ಯಾಕೆ ಹಾಗೆ ಓಡಾಡುತ್ತಾರೆ ಅಂತ. ಸೌದೆ ಒಟ್ಟಬೇಕು, ಹಲಸಿನ ಸೊಳೆ ಉಪ್ಪಿಗೆ ಹಾಕಬೇಕು, ಮುರುಗಲು ಸಿಪ್ಪೆ ಒಣಗಿಸಬೇಕು, ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು. ಮಳೆ ಬಿದ್ದ ಮೇಲೆ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವಿ, ಎಲ್ಲರೂ ಒಲೆಯ ಸುತ್ತ ಕೂತುಬಿಡುತ್ತಾರೆ. ಆಗ ಮಳೆಯೇ ತಂದುಕೊಡುವುದು ಬರುತ್ತದೆ. ಮರದ ಕವಲಿನಲ್ಲಿ ಚಿಗುರುವ ಮರಕೆಸು, ಪತ್ರೊಡೆ ಮಾಡುವ ಎಲೆ. ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ನಿನಗೆ ನೆನಪಿರಬೇಕು. ಬಿದಿರು ಹಿಂಡಿಲಿನಿಂದ ಕಳಲೆ. ಅದನ್ನು ಹಾಗೇ ತಿನ್ನುವಂತಿಲ್ಲ, ಅದರಲ್ಲಿ ವಿಷದ ಅಂಶ ಇರುತ್ತದೆ. ಹೆಚ್ಚಿ ನೀರಿನಲ್ಲಿ ಹಾಕಿ, ಮೂರು ದಿನ ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಬೇಗ ಬೇಕು ಅಂದರೆ ಆಗದ ಅಡುಗೆ ಅದು. ನನಗದು ಬಹಳ ಇಷ್ಟ.

ನಿಜ ಹೇಳ್ತೀನಿ, ಈ ಮಳೆಯನ್ನು ಪ್ರೀತಿಸಲು ನನಗೆ ಐದು ವರ್ಷ ಬೇಕಾಯಿತು. ಅಲ್ಲಿಯವರೆಗೆ ಸಾಗರದಲ್ಲಿ ಕೂತು ಕೋಲಾರದ ಕಾಲ ಹುಡುಕುತ್ತಿದ್ದೆ. ಈಗ ನೀನು ಬೆಂಗಳೂರಿನಲ್ಲಿ ಸಾಗರದ್ದು ಹುಡುಕುತ್ತಿದ್ದೀಯ ಅನ್ನಿಸುತ್ತದೆ. ನಾನು ಬಸ್ಸಿನಲ್ಲಿ ಕೆಸುವಿನ ಎಲೆ ಕಳಿಸಬಹುದು, ಕಳಿಸ್ತೀನಿ ಕೂಡ. ಆದರೆ ನಿನ್ನ ಕಿಟಕಿಯ ಹೊರಗೆ ಬೀಳದ ಮಳೆಯನ್ನು ಕಳಿಸಲು ಆಗಲ್ಲ, ಅಲ್ವಾ?

ಅಲ್ಲಿ ಕಾಲವೇ ಇಲ್ಲ ಅಂತ ಮಾತ್ರ ಅನ್ನಬೇಡ. ಬೆಂಗಳೂರಿಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದೂ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಬಟ್ಟೆ ಬೆಳಿಗ್ಗೆಯೇ ಒಗೆದುಬಿಡು. ಏಪ್ರಿಲ್‌ನಲ್ಲಿ ರಾತ್ರಿ ಕಿಟಕಿ ತೆಗೆದಿಟ್ಟು, ಬಿಸಿಲೇರುವ ಮೊದಲು ಮುಚ್ಚಿ ಪರದೆ ಎಳೆ. ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದು ಹೋಗು. ನಿನ್ನ ದಕ್ಷಿಣದ ಕಿಟಕಿ ನೋಡಿಕೋ. ಈಗ ಅದರಲ್ಲಿ ಬಿಸಿಲು ಬರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಹಾಸಿಗೆಯ ಹತ್ತಿರ ಬಂದು ಬೀಳುತ್ತದೆ. ಆಗ ಭಾನುವಾರ ಎಣ್ಣೆ ಹಚ್ಚಿಕೊಂಡು ಅಲ್ಲೇ ಅರ್ಧ ಗಂಟೆ ಸುಮ್ನೆ ಕೂತುಕೋ. ಫೋನು ಬೇರೆ ಕೋಣೆಯಲ್ಲಿ ಇರಲಿ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ತಪ್ಪದೆ ಹೋಗು. ಅದರ ಬೆನ್ನಿಗೇ ಅವರೆಕಾಯಿ ಬರುತ್ತದೆ. ಇದರ ಬಗ್ಗೆ ಮಾತ್ರ ನಾನು ಜಾಸ್ತಿ ಬರೆಯಲೇಬೇಕು, ಯಾಕೆಂದರೆ ಇದು ನನ್ನ ತವರಿನದು. ನಮ್ಮಲ್ಲಿ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕುತ್ತಿದ್ದರು. ರಾಗಿ ಕೊಯ್ದ ಮೇಲೂ ಅವರೆ ಬಳ್ಳಿ ಹೊಲದಲ್ಲೇ ಇರುತ್ತಿತ್ತು. ಚಳಿಗಾಲದ ಮಂಜು ಬೀಳಬೇಕು, ಆಗಲೇ ಸೊಗಡು ಏರುವುದು ಅಂತ ನಮ್ಮಮ್ಮ ಹೇಳುತ್ತಿದ್ದಳು. ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆಯಂಥ ಜಿಡ್ಡು ಹತ್ತಬೇಕು. ಮೂಸಿದರೆ ಆ ಘಮ ಬರಬೇಕು. ಬರದಿದ್ದರೆ ಕೊಳ್ಳಬೇಡ, ಇನ್ನೊಂದು ವಾರ ಕಾಯಿ. ಸುಲಿದ ಕಾಳು ಚೀಲದಲ್ಲಿ ಸಿಗುತ್ತದೆ, ಗೊತ್ತು. ಆದರೂ ಕಾಯಿಯನ್ನೇ ತಾ. ಸುಲಿದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳು ಹಿಚುಕಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಆ ಹಿತುಕಿದ ಬೇಳೆ ಸಾರಿಗೆ ಬಿಸಿ ಮುದ್ದೆ. ಈ ಮನೆಗೆ ಬಂದ ಮೊದಲ ವರ್ಷಗಳಲ್ಲಿ ಜನವರಿ ಬಂದರೆ ಆ ಘಮ ನೆನೆದು ನನಗೆ ಊಟ ಸೇರುತ್ತಿರಲಿಲ್ಲ.

ನಾನು ಬಿಟ್ಟು ಬಂದ ಚಳಿಗಾಲ ಈಗ ನಿನ್ನ ಬೀದಿಯ ತಳ್ಳುಗಾಡಿಯಲ್ಲಿ ಬರುತ್ತದೆ ಅಂದರೆ ನನಗೆ ಎಷ್ಟು ಸಂತೋಷ ಗೊತ್ತಾ?

ಸೊಗಡವರೆ ಬಂದ ದಿನ ಫೋನ್ ಮಾಡು. ರಾತ್ರಿ ರೈಲು ಹತ್ತಿ ಬರ್ತೀನಿ. ಬೇಳೆ ಹಿತುಕಲು ಇಬ್ಬರಿದ್ದರೆ ಬೇಗ ಆಗುತ್ತದೆ.

ನಿನ್ನ
ಅಮ್ಮ