ಉರುಟುಕಲ್ಲಿನ ಕಲೆ ಬರೀ ಆರಂಭವಲ್ಲ

ಮಾನ್ಯ ಸಂಪಾದಕರೇ,

ಬಣ್ಣದ ಕಲ್ಲುಗಳನ್ನು ಗಾರೆಯಲ್ಲಿ ಜೋಡಿಸಿ ಚಿತ್ರ ಮೂಡಿಸುವ ಮೊಸಾಯಿಕ್ ಕಲೆಯನ್ನು ಕುರಿತು ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ರೋಮನ್ನರ ನೆಲಚಿತ್ರಗಳಿಗೆ ಅಲ್ಲಿ ಸಂದ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಗ್ರೀಕರ ಪಾಲನ್ನು ಉರುಟುಕಲ್ಲುಗಳ ಒರಟು ಆರಂಭವೆಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ.

ಕತ್ತರಿಸಿದ ಕಲ್ಲಿಗೆ ಬೇಕಾದ ಆಕಾರ ಕೊಡಬಹುದು. ಉರುಟುಕಲ್ಲಿನ ಆಕಾರವನ್ನು ನೀರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಹೀಗಾಗಿ ಗಾರೆಯ ಮೇಲೆ ಕೈ ಇಡುವ ಮೊದಲೇ, ಬಣ್ಣ ಮತ್ತು ಗಾತ್ರ ನೋಡಿ ಕಲ್ಲನ್ನು ಆರಿಸಿ ವಿಂಗಡಿಸುವಲ್ಲಿ, ಕುಶಲಕರ್ಮಿಯ ಪರೀಕ್ಷೆ ಶುರುವಾಗುತ್ತದೆ. (ಇಂಥ ಕಲ್ಲಿಗೆ ಗ್ರೀಕರು ‘ಪ್ಸೇಫೋಸ್’ ಎನ್ನುತ್ತಿದ್ದರು. ಮತ ಹಾಕಲೂ ಅದನ್ನೇ ಬಳಸುತ್ತಿದ್ದುದರಿಂದ, ಚುನಾವಣೆಯ ಕಾಲದಲ್ಲಿ ನಿಮ್ಮ ಪತ್ರಿಕೆಯಲ್ಲೂ ಕಾಣುವ ‘ಸೆಫಾಲಜಿ’ (ಚುನಾವಣೆಗಳ ಅಧ್ಯಯನ) ಎಂಬ ಪದ ಹುಟ್ಟಿದ್ದು ಅದರಿಂದಲೇ.) ಕ್ರಿ.ಪೂ. 348ರಲ್ಲಿ ಮ್ಯಾಸಿಡೋನಿಯದ ದೊರೆ ಎರಡನೇ ಫಿಲಿಪ್ ನೆಲಸಮ ಮಾಡಿದ, ಉತ್ತರ ಗ್ರೀಸಿನ ಒಲಿಂಥೋಸ್ ನಗರದ ಮನೆಗಳಲ್ಲಿ, ರೆಕ್ಕೆಯ ಕುದುರೆಯೇರಿ ಕೈಮೀರಾ ಎಂಬ ಮೃಗವನ್ನು ಇರಿಯುವ ಗ್ರೀಕ್ ಪುರಾಣದ ವೀರ ಬೆಲ್ಲೆರೊಫೋನನಂಥ ಚಿತ್ರಗಳು ಕಪ್ಪು ನೆಲದ ಮೇಲೆ ತಿಳಿಬಣ್ಣದ ಚಪ್ಪಟೆ ಆಕೃತಿಗಳಾಗಿ ಮೂಡಿವೆ. ಅದೇ ಶತಮಾನ ಮುಗಿಯುವ ಹೊತ್ತಿಗೆ ಮ್ಯಾಸಿಡೋನಿಯದ ರಾಜಧಾನಿ ಪೆಲ್ಲಾ ನಗರದ ಜಿಂಕೆ ಬೇಟೆಯ ಚಿತ್ರದಲ್ಲಿ ಬೇಟೆಗಾರರ ಮಾಂಸಖಂಡಗಳು ಉಬ್ಬಿ ಕಾಣುತ್ತವೆ, ಮೇಲುವಸ್ತ್ರ ಗಾಳಿಗೆ ಹಾರುತ್ತದೆ. ಈ ನೆರಳು ಬೆಳಕಿನ ಏರಿಳಿತವೆಲ್ಲ ಬಣ್ಣದ ಛಾಯೆ ನೋಡಿ ಜೋಡಿಸಿದ ಸಣ್ಣ ಕಲ್ಲುಗಳಿಂದಲೇ ಬಂದದ್ದು. ‘ಗ್ನೋಸಿಸ್ ಮಾಡಿದನು’ ಎಂಬ ಕಲಾವಿದನ ಸಹಿಯೂ ಅದರ ಮೇಲಿದೆ. ಅದೇ ಊರಿನ ಸಿಂಹ ಬೇಟೆಯ ಚಿತ್ರದಲ್ಲಿ ಕಲ್ಲಿಗೆ ಒಗ್ಗದ ಸೂಕ್ಷ್ಮ ಗೆರೆಗಳಿಗಾಗಿ ತೆಳುವಾದ ಪಟ್ಟಿಗಳನ್ನು ಗಾರೆಯೊಳಗೆ ಹುದುಗಿಸಿದ್ದಾರೆ. ಇದನ್ನು ಒರಟು ಎನ್ನುವುದು ಹೇಗೆ?

ಉರುಟುಕಲ್ಲಿಗೆ ಮಿತಿಯೂ ಇತ್ತು. ಎರಡು ದುಂಡು ಕಲ್ಲುಗಳ ನಡುವೆ ಗಾರೆ ಇಣುಕದೆ ಇರದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಕಲ್ಲನ್ನು ಚದರ ಚೂರುಗಳಾಗಿ ಕತ್ತರಿಸಿ ಒತ್ತೊತ್ತಾಗಿ ಕೂರಿಸುವ ವಿಧಾನ ಬೆಳೆದಾಗ ಆ ಸಂದು ಕಿರಿದಾಯಿತು. ಕೆಲವೇ ಮಿಲಿಮೀಟರಿನ ಚೂರುಗಳಿಂದ ಕುಂಚದ ಎಳೆಯನ್ನೇ ಹೋಲುವ ಗೆರೆ ಸಾಧ್ಯವಾಯಿತು. ಕಲ್ಲಿನಲ್ಲಿ ಅಪರೂಪವಾದ ನೀಲಿ, ಹಸಿರುಗಳಿಗೆ ಗಾಜು ನೆರವಾಯಿತು. ಇಷ್ಟು ನಾಜೂಕಿನ ಭಾಗವನ್ನು ಹಲವು ವೇಳೆ ಕಾರ್ಯಾಗಾರದಲ್ಲೇ ಕಲ್ಲಿನ ಅಥವಾ ಸುಟ್ಟ ಮಣ್ಣಿನ ತಟ್ಟೆಯ ಮೇಲೆ ಸಿದ್ಧಪಡಿಸಿ, ನಂತರ ನೆಲದ ನಡುವೆ ಇಳಿಸುತ್ತಿದ್ದರು. ಈಗಿನ ಟರ್ಕಿಯಲ್ಲಿರುವ ಪ್ರಾಚೀನ ಗ್ರೀಕ್ ನಗರ ಪೆರ್ಗಮೋನಿನ ಅರಮನೆಯ ನೆಲದಲ್ಲಿ ಹೆಫೈಸ್ಟಿಯೋನ್ ಎಂಬಾತ ತನ್ನ ಹೆಸರನ್ನು, ಒಂದು ಮೂಲೆ ಕಿತ್ತು ಮೇಲೆದ್ದ ಚರ್ಮದ ಹಾಳೆಯ ಮೇಲೆ ಬರೆದಂತೆ ರಚಿಸಿದ್ದಾನೆ. ಹಾಳೆಯೂ ಕಲ್ಲು, ಅದರ ನೆರಳೂ ಕಲ್ಲು!

ಈ ಬದಲಾವಣೆಯಲ್ಲಿ ಲಾಭದ ಜೊತೆಗೆ ನಷ್ಟವೂ ಆಯಿತೆಂದು ನನ್ನ ಅಭಿಪ್ರಾಯ. ಇಟಲಿಯ ಪ್ರಾಚೀನ ರೋಮನ್ ನಗರ ಪಾಂಪೇಯಿಯಲ್ಲಿ 1831ರಲ್ಲಿ ಸಿಕ್ಕ ಅಲೆಕ್ಸಾಂಡರನ ಯುದ್ಧದೃಶ್ಯ ಒಂದು ಗ್ರೀಕ್ ವರ್ಣಚಿತ್ರದ ಪ್ರತಿ ಎಂದು ವಿದ್ವಾಂಸರು ಭಾವಿಸುತ್ತಾರೆ. ಅದರ ಕೌಶಲಕ್ಕೆ ಎಣೆಯಿಲ್ಲ, ಆದರೂ ಅಲ್ಲಿ ಕಲ್ಲು ತಾನು ಕಲ್ಲೆಂಬುದನ್ನು ಮರೆಸಲು ಹೆಣಗುತ್ತದೆ. ಪೆಲ್ಲಾದ ಕಲ್ಲಿಗೆ ಆ ಸಂಕೋಚವಿಲ್ಲ.

ಕೊನೆಯದಾಗಿ ಒಂದು ತಿದ್ದುಪಡಿ. ಲೇಖನದೊಂದಿಗೆ ಅಚ್ಚಾದ, ಬೋಗುಣಿಯ ಅಂಚಿನಲ್ಲಿ ಕೂತ ಪಾರಿವಾಳಗಳ ಚಿತ್ರಕ್ಕೆ ‘ರೋಮನ್ ಕಲೆ’ ಎಂದಷ್ಟೇ ಅಡಿಬರಹವಿತ್ತು. 1737ರಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಟಿವೊಲಿಯ ನಿವಾಸದಲ್ಲಿ ಅದು ಸಿಕ್ಕಿದ್ದು ನಿಜ. ಆದರೆ ನೀರು ಕುಡಿಯುತ್ತಾ ತನ್ನ ತಲೆಯ ನೆರಳಿನಿಂದ ನೀರನ್ನು ಕಪ್ಪಾಗಿಸುವ ಪಾರಿವಾಳವನ್ನು ಪೆರ್ಗಮೋನಿನಲ್ಲಿ ರಚಿಸಿದವನು ಗ್ರೀಕ್ ಕಲಾವಿದ ಸೋಸೋಸ್ ಎಂದು ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ. ಟಿವೊಲಿಯದು ಅದರ ಪ್ರತಿ ಎಂದು ಭಾವಿಸಲಾಗಿರುವುದರಿಂದ, ಆ ಅಡಿಬರಹದಲ್ಲಿ ಸೋಸೋಸನ ಹೆಸರೂ ಇರಬೇಕಿತ್ತು.

ಇತಿ,
ಒಬ್ಬ ಓದುಗ