ಗೆರೆಯಿಲ್ಲದ ಮೂಗು

ಚಿತ್ರ ಮುಗಿಯಿತು. ನಿನ್ನೆ ಸಂಜೆ ಮುತ್ತಿನ ಮೇಲೆ ಕೊನೆಯ ಬಿಳಿ ಇಟ್ಟೆ. ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಓಲೆಯ ಹುಡುಗಿ’ಯ ನಕಲು ಇದು. ಮೂಲ ಚಿತ್ರ ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ನಮ್ಮ ಶಂಕರಪುರದ ಚಾವಡಿಯಲ್ಲಿರುವುದೂ ಅದೇ ಅಳತೆಯದ್ದು, 44.5 ಸೆಂ.ಮೀ. ಎತ್ತರ, 39 ಅಗಲ.

ಆಯಿಲ್ ಬಣ್ಣ ಹಿಡಿಯಲು ಕಲಿಸಿದ ಮೇಷ್ಟ್ರು, ಮಂಗಳೂರಿಂದ ಕ್ಯಾನ್ವಾಸ್ ತಂದುಕೊಟ್ಟ ಗೆಳೆಯರು, ರಜೆಗೆ ಒಪ್ಪಿದ ಆಫೀಸಿನವರು, ಎಲ್ಲರಿಗೂ ನಾನು ಋಣಿ.

ಪಕ್ಕದ ಮನೆಯ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ಅಪ್ಪನ ಕೊನೆಯ ತಿಂಗಳುಗಳು ನಿಮಗೆಲ್ಲ ಗೊತ್ತು. ಮಂಚದಿಂದಲೇ ದಿನಾ ಕೇಳುತ್ತಿದ್ದರು, “ಹುಡುಗಿಗೆ ಕಣ್ಣು ಬಂತಾ?” ಬರುವ ಹೊತ್ತಿಗೆ ಅಪ್ಪ ಇರಲಿಲ್ಲ.

ಅಪ್ಪನ ಬೊಜ್ಜ (ಉತ್ತರಕ್ರಿಯೆ) ಮುಗಿದ ರಾತ್ರಿ ನೆಂಟರೆಲ್ಲ ಹೋಗಿದ್ದರು. ಆಟಿ ತಿಂಗಳ ಮಳೆ, ಕರೆಂಟಿಲ್ಲ. ಪ್ಯಾಲೆಟ್ ನೈಫ್ ತೆಗೆದು ಆ ಮುಖವನ್ನು ಕೆರೆದುಬಿಟ್ಟೆ. ಅಗಸೆ ಎಣ್ಣೆಯ ಬಣ್ಣ ಆ ಥಂಡಿಗೆ ಒಣಗಿರಲೇ ಇಲ್ಲ, ಕಣ್ಣು ಕೆನ್ನೆ ಎಲ್ಲ ಒಂದೇ ಎಳೆತಕ್ಕೆ ಬಂತು. ಯಾರಿಗೆ ತೋರಿಸಲಿ ಇನ್ನು, ಅನ್ನಿಸಿತ್ತು.

ಅಕ್ಕ ಕ್ಯಾಂಡಲ್ ಹಿಡಿದು ಬಂದರು. ಅಳಬೇಡ ಅನ್ನಲಿಲ್ಲ. ತೆಂಗಿನೆಣ್ಣೆ ಹಚ್ಚಿ, ನನ್ನ ಬೆರಳುಗಳನ್ನು ಒಂದೊಂದಾಗಿ ಹಳೇ ಸೀರೆ ತುಂಡಿನಲ್ಲಿ ಒರೆಸಿದರು. ಉಗುರಿನ ಸಂದಿಯ ಬಣ್ಣವನ್ನೂ ಬಿಡಲಿಲ್ಲ. ಆಮೇಲೆ ಸುಮ್ನೆ ಕೂತರು. ಎಷ್ಟೋ ಹೊತ್ತಾದ ಮೇಲೆ, ನಾನು ನೋಡಿ ಬರೆಯುತ್ತಿದ್ದ ಪ್ರಿಂಟನ್ನು ಬೆಳಕಿಗೆ ಹಿಡಿದು ಕೇಳಿದರು: “ಈ ಮಗುವಿನ ಮೂಗಿಗೆ ಗೆರೆಯೇ ಇಲ್ವಲ್ಲ. ನೀನ್ಯಾಕೆ ಎಳೀತಿದ್ದೆ?”

ಹೌದಲ್ವಾ! ಮೂಗಿನ ದಿಂಡು ಮತ್ತು ಆಚೆ ಕೆನ್ನೆಯ ನಡುವೆ ವರ್ಮೀರ್ ಗೆರೆ ಎಳೆದೇ ಇಲ್ಲ. ಎರಡೂ ಒಂದೇ ಬಣ್ಣದಲ್ಲಿ ಸೇರಿಹೋಗಿವೆ, ಮೂಗನ್ನು ಕಾಣುವುದು ನಮ್ಮ ಕಣ್ಣು. ಮುತ್ತಿಗೂ ಕೊಂಡಿಯಿಲ್ಲ. ಮೇಲೊಂದು ದಪ್ಪ ಬಿಳಿ, ಕೆಳಗೆ ಕಾಲರಿನ ಮಸುಕು ಹೊಳಪು, ಅಷ್ಟೇ. ಬದುಕಿನಲ್ಲಿ ಬ್ರಷ್ ಹಿಡಿಯದವರು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವರು, ಇದನ್ನು ಕ್ಯಾಂಡಲ್ ಬೆಳಕಲ್ಲಿ ಕಂಡರು.

ಬೆಳಗಿನವರೆಗೂ ನನ್ನ ಜೊತೆಗೇ ಇದ್ದರು. ಮಳೆಯಲ್ಲೇ ಮೊಗ್ಗು ಕೊಯ್ಯಲು ಹೋದರು. ನಾನು ಕ್ಯಾನ್ವಾಸ್ ಒರೆಸಿದೆ. ಅಡಿಯ ಕಂದು ಪದರ ಮೊದಲೇ ಒಣಗಿ ಗಟ್ಟಿಯಾಗಿತ್ತು, ಹಾಗೇ ಉಳಿದಿತ್ತು. ಅದರ ಮೇಲೇ ಮತ್ತೆ ಶುರುಮಾಡಿದೆ.

ಅಕ್ಕ, ಆ ರಾತ್ರಿ ನೀವು ಬರದಿದ್ದರೆ ನಾನು ಮತ್ತೆ ಬಣ್ಣ ಮುಟ್ಟುತ್ತಿರಲಿಲ್ಲ.

ಒಳಗಿನವರೆಗೆ ಒಣಗಲು ಇನ್ನೂ ಆರು ತಿಂಗಳಾದರೂ ಬೇಕು. ಆಮೇಲೆ ವಾರ್ನಿಷ್ ಹಾಕಿ ಚಿತ್ರವನ್ನು ಅಕ್ಕನ ಮನೆಗೆ ಕೊಡುತ್ತೇನೆ. ಅವರ ಚಾವಡಿ ಗೋಡೆಗೆ ಮೊಳೆ ಹೊಡೆದಾಗಿದೆ.