ಮರಳು ಎಷ್ಟು ಕಾದಿರುತ್ತೆ ಅಂತ ಕೇಳಿದೆಯಲ್ಲ

ದಾವಣಗೆರೆ, ಭಾನುವಾರ

ಪುಟ್ಟಿ,

ಮೊನ್ನೆ ಫೋನಿನಲ್ಲಿ, "ಅಪ್ಪಾಜಿ, ಪುಸ್ತಕದಲ್ಲಿ 250 ಡಿಗ್ರಿ ಆಸುಪಾಸು ಅಂತಿದೆ, ನಮ್ಮ ಮಂಡಕ್ಕಿ ಭಟ್ಟಿಯ ಮರಳು ಎಷ್ಟು ಕಾದಿರುತ್ತೆ?" ಅಂದೆ. 26 ವರ್ಷ ಅದರ ಮುಂದೆ ನಿಂತಿದ್ದೀನಿ, ಉತ್ತರ ಬಾಯಿಗೆ ಬರಲಿಲ್ಲ. ನನಗೆ ಗೊತ್ತಿರೋದು ಇಷ್ಟು: ಒಂದು ಹಿಡಿ ಅಕ್ಕಿ ಎಸೆದರೆ ಚಟಪಟ ಅಂತ ಒಟ್ಟಿಗೇ ಅರಳಬೇಕು. ಬಿಟ್ಟು ಬಿಟ್ಟು ಸದ್ದು ಬಂದರೆ ಮರಳು ಸಾಕಷ್ಟು ಕಾದಿಲ್ಲ. ಕಾಳಿನೊಳಗಿನ ತೇವ ಆವಿಯಾಗಿ ಸಿಡಿಯೋ ಬದಲು ಮೆಲ್ಲಗೆ ಒಣಗಿಹೋಗುತ್ತೆ. ಹೆಚ್ಚು ಕಾದರೆ ಮಂಡಕ್ಕಿ ಕೆಂಪಗಾಗುತ್ತೆ. ನೀನು ಮರಳಿನಲ್ಲಿ ಕಾವು ಅಳೆಯೋ ಥರ್ಮೋಕಪಲ್ ಇಟ್ಟು ಅಂಕಿ ಹಿಡಿ, ನಾನು ಪಕ್ಕದಲ್ಲಿ ಕಿವಿಗೊಟ್ಟು ನಿಂತಿರ್ತೀನಿ. ಎರಡೂ ತಾಳೆಯಾದ ಮೇಲೆ ಮಿಷನ್ ಡಿಸೈನ್ ಮಾಡು.

ಹೊಗೆಯಿಲ್ಲದ ಭಟ್ಟಿ ಮಾಡ್ತೀನಿ ಅಂದ ಮಾತು ಎದೆಗೆ ತಾಗಿತು. ನಾನೂ ಹಳೇ ಟೈರು ಸುಟ್ಟವನು. ಅಗ್ಗಕ್ಕೆ ಸಿಗ್ತಿತ್ತು, ಉರಿಯೂ ಜೋರು. ನಿನ್ನ ಬಿಳಿ ಯೂನಿಫಾರಂ ಮೇಲೆ ಕೂತ ಮಸಿಯ ಎಳೆಗಳನ್ನ ನಿಮ್ಮಮ್ಮ ಊದಿ ಊದಿ ತೆಗೀತಿದ್ದಳು. ಕೈಯಲ್ಲಿ ಒರೆಸಿದರೆ ಕಲೆ ಹರಡ್ತಿತ್ತು. ಅದೇ ಮಸಿ ನಿಮ್ಮ ಎದೆಯೊಳಗೂ ಇಳಿದಿರುತ್ತೆ ಅನ್ನೋದು ಇವತ್ತಿಗೂ ಕೊರೆಯುತ್ತೆ.

ಉರುವಲು ನಮ್ಮ ಭತ್ತದಲ್ಲೇ ಇದೆ. 100 ಕೆ.ಜಿ. ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು. ಸಾಲದಿದ್ದರೆ ಭದ್ರಾ ನಾಲೆಯ ಭತ್ತ ಬರೋ ಅಕ್ಕಿ ಗಿರಣಿಗಳು ಸುತ್ತಲೂ ಇವೆ. ಸುಟ್ಟ ಮೇಲೆ ಉಳಿಯೋ ಬೂದಿ ಬಹುಪಾಲು ಸಿಲಿಕಾ, ಇಟ್ಟಿಗೆಗೆ, ಸಿಮೆಂಟಿಗೆ ಬರುತ್ತೆ. ಆದರೆ ಹೊಟ್ಟನ್ನ ಒಮ್ಮೆಲೇ ಸುರಿದರೆ ಉರಿಯಲ್ಲ, ಹೊಗೆಯಾಡುತ್ತೆ. ಸ್ವಲ್ಪ ಸ್ವಲ್ಪವೇ ಬೀಳಬೇಕು, ಗಾಳಿ ಹದವಾಗಿ ಸಿಗಬೇಕು. ನಿನ್ನ ಸೆನ್ಸರ್, ಮೋಟಾರು ಬೇಕಾಗಿರೋದು ಇಲ್ಲೇ: ಮರಳಿನ ಕಾವು ನೋಡ್ಕೊಂಡು ಹೊಟ್ಟನ್ನೂ ಗಾಳಿಯನ್ನೂ ಬಿಡಬೇಕು. ಚಿಮಣಿಯಲ್ಲಿ ಸುಮ್ಮನೆ ಹೋಗೋ ಕಾವನ್ನೂ ಹಿಡಿ. ಮಳೆಗಾಲದಲ್ಲಿ ನೆನೆಸಿದ ಭತ್ತ ಒಣಗದೆ ಮುಗ್ಗಲು ಹಿಡಿಯೋದು ನೋಡಿದ್ದೀಯ. ಹೊಗೆ ತಾಗದ ಹಾಗೆ ಬಿಸಿಗಾಳಿ ಮಾತ್ರ ಅದಕ್ಕೆ ಸಿಕ್ಕರೆ ಸಾಕು.

ಬೆಳಗಿನ ಜಾವ ನಾಲ್ಕಕ್ಕೆ ಮೋಟಾರು ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗಬೇಕು. 1940ರ ದಶಕದಲ್ಲೇ ಲೋಹ ಕಡೆಯೋ ಲೇತ್ ಯಂತ್ರ ತಯಾರಿಸಿದ ಹರಿಹರ ಪಕ್ಕದಲ್ಲಿದೆ, ಕೈಕೆಲಸ ಬಲ್ಲವರು ಇನ್ನೂ ಇದ್ದಾರೆ. ದೂರದಿಂದ ಬಿಡಿಭಾಗ ಬರಲಿ ಅಂತ ಕಾಯೋ ಭಟ್ಟಿಯವನು ಮೂರನೇ ದಿನಕ್ಕೆ ಮತ್ತೆ ಟೈರು ತರ್ತಾನೆ. ಡ್ರಾಯಿಂಗ್ ಹಾಕೋ ಮೊದಲು ಜರಡಿ ಹಿಡಿಯೋ ಹೆಣ್ಮಕ್ಕಳನ್ನೂ ಕೇಳು. ಬಾಣಲೆ ಎಷ್ಟು ಎತ್ತರದಲ್ಲಿದ್ದರೆ ಸೊಂಟ ನೋಯಲ್ಲ ಅಂತ ಅವರಿಗೇ ಗೊತ್ತು.

ಕೊನೇ ಒಲೆಯನ್ನ ನಿನಗೇ ಅಂತ ಬಿಟ್ಟಿದ್ದೀನಿ, ಮರಳೂ ಹೊಸದು ತುಂಬಿಸ್ತೀನಿ. ದೀಪಾವಳಿಗೆ ಬರುವಾಗ ಥರ್ಮೋಕಪಲ್ ಮರೀಬೇಡ.

ನಿನ್ನ
ಅಪ್ಪಾಜಿ